ನಲ್ಲಿಯ ನೀರಿನಲ್ಲಿ ಸೀಸ ಮತ್ತು ತಾಮ್ರದ ಹತೋಟಿ

(ರೈತರ ಹಾಗೂ ವಿಸ್ತರಣಾ ಕಾರ್ಯಕರ್ತರ ತರಬೇತಿಗಾಗಿ ಸಿದ್ಧಪಡಿಸಿದ ಭಾಷಣ)



ಕುಡಿಯುವ ನೀರು ಶುದ್ಧವಾಗಿರಬೇಕೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಕೆರೆ, ಹೊಳೆ, ಬಾವಿಗಳ ನೀರು ಕೆಟ್ಟರೆ ವಾಂತಿಭೇದಿ, ಕಾಮಾಲೆ, ವಿಷಮಶೀತಜ್ವರ ಮುಂತಾದ ರೋಗಗಳು ಬರುತ್ತವೆಂಬುದು ಶಾಲೆಗೆ ಹೋಗುವ ಮಕ್ಕಳಿಗೂ ತಿಳಿದಿದೆ. ನೀರು ಬಗ್ಗಡವಾದರೆ ಕಣ್ಣಿಗೆ ಕಾಣುತ್ತದೆ, ಉಪ್ಪಾದರೆ ನಾಲಿಗೆಗೆ ತಿಳಿಯುತ್ತದೆ, ಕೊಳೆತರೆ ಮೂಗು ಹೇಳುತ್ತದೆ. ಆದರೆ ಕಣ್ಣು, ಮೂಗು, ನಾಲಿಗೆ ಈ ಮೂರನ್ನೂ ವಂಚಿಸಿ ಒಳಸೇರುವ ವಿಷವೊಂದಿದೆ. ಅದು ಸೀಸ. ಕುದಿಸಿದರೂ ಅದು ಹೋಗುವುದಿಲ್ಲ, ಬಟ್ಟೆಯಲ್ಲಿ ಸೋಸಿದರೂ ನಿಲ್ಲುವುದಿಲ್ಲ.

ಈ ವಿಷದ ಇನ್ನೊಂದು ವಿಶೇಷವೆಂದರೆ, ಸಾಮಾನ್ಯವಾಗಿ ಅದು ನೀರಿನ ಮೂಲದಲ್ಲಿ ಇರುವುದಿಲ್ಲ. ಶುದ್ಧೀಕರಣ ಘಟಕದಿಂದ ಹೊರಡುವಾಗ ನೀರು ಶುದ್ಧವಾಗಿಯೇ ಇರುತ್ತದೆ. ಕೊಳವೆಯಲ್ಲಿ ಹರಿದು ಮನೆಯ ನಲ್ಲಿಯನ್ನು ತಲುಪುವಷ್ಟರಲ್ಲಿ ಅದಕ್ಕೆ ಸೀಸ ಮತ್ತು ತಾಮ್ರ ಸೇರುತ್ತವೆ. ಆದುದರಿಂದ ನೀರನ್ನು ಮೂಲದಲ್ಲಿ ಮಾತ್ರ ಪರೀಕ್ಷಿಸಿ "ಚೆನ್ನಾಗಿದೆ" ಎಂದು ಹೇಳಿದರೆ ಸಾಲದು, ಕುಡಿಯುವ ಜಾಗದಲ್ಲಿಯೇ ಪರೀಕ್ಷಿಸಬೇಕು. ಈ ಮಾತನ್ನು ಕಾನೂನಿನ ಮೂಲಕ ಜಾರಿಗೆ ತಂದ ದೇಶಗಳಲ್ಲಿ ಅಮೆರಿಕ ಮುಖ್ಯವಾದುದು. ಅಲ್ಲಿ 1991ರಲ್ಲಿ ಹೊರಬಂದ ಸೀಸ ಮತ್ತು ತಾಮ್ರದ ನಿಯಮ ಏನು ಹೇಳುತ್ತದೆ, ಅದು ಎಲ್ಲಿ ಫಲಿಸಿತು, ಎಲ್ಲಿ ಸೋತಿತು, ಅದರಿಂದ ನಮ್ಮ ಹಳ್ಳಿಗಳು ಕಲಿಯಬೇಕಾದುದೇನು ಎಂಬುದೇ ಇಂದಿನ ವಿಷಯ.

ಸೀಸ ಕೊಳವೆಗೆ ಬಂದ ಬಗೆ

ಸೀಸ ಮೆತ್ತನೆಯ ಲೋಹ. ಸುಲಭವಾಗಿ ಬಾಗುತ್ತದೆ, ಬೇಗ ಕರಗುತ್ತದೆ, ಕಬ್ಬಿಣದಂತೆ ತುಕ್ಕು ಹಿಡಿದು ತೂತಾಗುವುದಿಲ್ಲ. ಈ ಗುಣಗಳಿಂದಾಗಿ ಎರಡು ಸಾವಿರ ವರ್ಷಗಳ ಹಿಂದೆ ರೋಮನ್ನರು ನೀರಿನ ಕೊಳವೆಗಳಿಗೆ ಸೀಸವನ್ನು ಬಳಸಿದರು. ಸೀಸಕ್ಕೆ ಲ್ಯಾಟಿನ್ ಭಾಷೆಯಲ್ಲಿ 'ಪ್ಲಂಬಂ' ಎಂದು ಹೆಸರು. ಇಂದು ನಲ್ಲಿ ರಿಪೇರಿ ಮಾಡುವವನನ್ನು 'ಪ್ಲಂಬರ್' ಎಂದು ಕರೆಯುವುದು ಅದೇ ಪದದಿಂದ. ಮಣ್ಣಿನ ಕೊಳವೆಯ ನೀರು ಸೀಸದ ಕೊಳವೆಯ ನೀರಿಗಿಂತ ಆರೋಗ್ಯಕರವೆಂದು ವಿಟ್ರುವಿಯಸ್ ಎಂಬ ರೋಮನ್ ವಾಸ್ತುಶಿಲ್ಪಿ ಆ ಕಾಲದಲ್ಲಿಯೇ ಬರೆದಿಟ್ಟಿದ್ದಾನೆ. ಆದರೂ ಸೀಸದ ಬಳಕೆ ನಿಲ್ಲಲಿಲ್ಲ.

ಅಮೆರಿಕದ ನಗರಗಳಲ್ಲಿ ಬೀದಿಯ ದೊಡ್ಡ ಕೊಳವೆಯಿಂದ ಮನೆಗೆ ನೀರು ತರುವ ಸಣ್ಣ ಕೊಳವೆಗಳನ್ನು ಬಹಳ ವರ್ಷ ಸೀಸದಿಂದಲೇ ಮಾಡುತ್ತಿದ್ದರು. ಷಿಕಾಗೋ ನಗರದಲ್ಲಂತೂ ಮನೆಯ ಸಂಪರ್ಕಕ್ಕೆ ಸೀಸದ ಕೊಳವೆಯನ್ನೇ ಹಾಕಬೇಕೆಂಬ ಕಟ್ಟಳೆ 1986ರಲ್ಲಿ ಕೇಂದ್ರ ಸರ್ಕಾರದ ನಿಷೇಧ ಬರುವವರೆಗೂ ಇತ್ತು. ಸೀಸ ಬರುವ ದಾರಿ ಇದೊಂದೇ ಅಲ್ಲ. ತಾಮ್ರದ ಕೊಳವೆಗಳನ್ನು ಜೋಡಿಸಲು ಹಾಕುವ ಬೆಸುಗೆಯಲ್ಲಿ ಸೀಸವಿರುತ್ತಿತ್ತು. ಹಿತ್ತಾಳೆ ನಲ್ಲಿಗಳನ್ನು ಕಡೆಯಲು ಸುಲಭವಾಗಲೆಂದು ಲೋಹಕ್ಕೆ ಸ್ವಲ್ಪ ಸೀಸ ಬೆರೆಸುತ್ತಿದ್ದರು. ತಾಮ್ರವಾದರೋ ಮನೆಯೊಳಗಿನ ತಾಮ್ರದ ಕೊಳವೆಗಳಿಂದಲೇ ನೀರಿಗೆ ಬರುತ್ತದೆ.

ಆರೋಗ್ಯದ ಮೇಲೆ ಪರಿಣಾಮ

ಸೀಸ ಮತ್ತು ತಾಮ್ರ ಎರಡನ್ನೂ ಒಂದೇ ನಿಯಮದಲ್ಲಿ ಸೇರಿಸಿದ್ದರೂ ಅವು ಒಂದೇ ಬಗೆಯವಲ್ಲ. ತಾಮ್ರ ದೇಹಕ್ಕೆ ಅಲ್ಪ ಪ್ರಮಾಣದಲ್ಲಿ ಬೇಕು. ಬೆಳೆಗಳಿಗೆ ಅದು ಲಘು ಪೋಷಕಾಂಶವಾಗಿರುವಂತೆ ಮನುಷ್ಯನಿಗೂ ಹೌದು. ಹೆಚ್ಚಾದಾಗ ಮಾತ್ರ ಓಕರಿಕೆ, ವಾಂತಿ, ಹೊಟ್ಟೆನೋವು, ಭೇದಿ ಕಾಣಿಸಿಕೊಳ್ಳುತ್ತವೆ. ತಾಮ್ರವನ್ನು ಹೊರಹಾಕಲಾರದ ವಂಶಪಾರಂಪರ್ಯ ಕಾಯಿಲೆ ಇರುವವರಿಗೆ ಅದು ಹೆಚ್ಚು ಅಪಾಯಕಾರಿ.

ಸೀಸ ಹಾಗಲ್ಲ. ಅದರಿಂದ ದೇಹಕ್ಕೆ ಯಾವ ಉಪಯೋಗವೂ ಇಲ್ಲ. ಇಷ್ಟರವರೆಗೆ ಸೇವಿಸಿದರೆ ಬಾಧೆಯಿಲ್ಲ ಎಂದು ಹೇಳಬಹುದಾದ ಪ್ರಮಾಣವೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟಪಡಿಸಿದೆ. ದೇಹವು ಸೀಸವನ್ನು ಸುಣ್ಣದ ಅಂಶವೆಂದು ತಪ್ಪು ತಿಳಿದು ಮೂಳೆಗಳಲ್ಲಿ ಕೂಡಿಡುತ್ತದೆ. ಗರ್ಭಿಣಿಯಾದಾಗ ತಾಯಿಯ ಮೂಳೆಯಲ್ಲಿದ್ದ ಸೀಸ ರಕ್ತಕ್ಕಿಳಿದು ಹೊಟ್ಟೆಯೊಳಗಿನ ಮಗುವಿಗೂ ಸೇರುತ್ತದೆ. ದೊಡ್ಡವರಿಗಿಂತ ಚಿಕ್ಕ ಮಕ್ಕಳ ಕರುಳು ಅದನ್ನು ಹಲವು ಪಟ್ಟು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಬೆಳೆಯುತ್ತಿರುವ ಮಿದುಳಿಗೆ ಧಕ್ಕೆಯಾಗಿ ಮಗುವಿನ ಗ್ರಹಣಶಕ್ತಿ ಕುಂದುತ್ತದೆ, ಓದಿನಲ್ಲಿ ಗಮನ ನಿಲ್ಲುವುದಿಲ್ಲ, ರಕ್ತಹೀನತೆಯೂ ಉಂಟಾಗುತ್ತದೆ. ಹೀಗೆ ಆದ ಹಾನಿಯನ್ನು ಮುಂದೆ ಯಾವ ಔಷಧಿಯಿಂದಲೂ ಪೂರ್ತಿಯಾಗಿ ಸರಿಪಡಿಸಲಾಗುವುದಿಲ್ಲ. ಎಳೆಯ ಸಸಿಯ ಸುಳಿ ಮುರಿದ ಮೇಲೆ ಎಷ್ಟು ಗೊಬ್ಬರ ಹಾಕಿದರೂ ಮೊದಲಿನ ಸುಳಿ ಬಾರದು. ಇದೂ ಅಂತಹುದೇ.

ಬೋರ್ಡೋ ದ್ರಾವಣದಿಂದ ತಿಳಿಯುವ ತತ್ವ

ಕೊಳವೆಯ ಲೋಹ ನೀರಿಗೆ ಇಳಿಯುವುದೇಕೆ ಎಂಬುದನ್ನು ಅಡಿಕೆ ಬೆಳೆಗಾರರಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಕೊಳೆರೋಗಕ್ಕೆ ಸಿಂಪಡಿಸಲು ಶೇಕಡಾ 1ರ ಬೋರ್ಡೋ ದ್ರಾವಣ ತಯಾರಿಸುವಾಗ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಬಳಸುತ್ತಾರೆ. ದ್ರಾವಣ ಸರಿಯಾಗಿದೆಯೇ ಎಂದು ನೋಡಲು ಚೆನ್ನಾಗಿ ಉಜ್ಜಿದ ಕಬ್ಬಿಣದ ಚಾಕು ಅಥವಾ ಕುಡುಗೋಲನ್ನು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ದ್ರಾವಣದಲ್ಲಿ ಇನ್ನೂ ಹುಳಿಯ ಅಂಶವಿದೆ, ತಾಮ್ರ ಕರಗಿದ ಸ್ಥಿತಿಯಲ್ಲಿಯೇ ಇದೆ ಎಂದು ತಿಳಿದು ಮತ್ತಷ್ಟು ಸುಣ್ಣದ ತಿಳಿ ಹಾಕುತ್ತಾರೆ. ಸುಣ್ಣ ಸಾಕಷ್ಟಾದಾಗ ತಾಮ್ರ ಕರಗದ ರೂಪಕ್ಕೆ ಬರುತ್ತದೆ, ಅಲಗು ಕೆಂಪಾಗುವುದಿಲ್ಲ.

ಈ ಪರೀಕ್ಷೆಯಲ್ಲಿ ಎರಡು ತತ್ವಗಳು ಅಡಗಿವೆ. ಮೊದಲನೆಯದು, ನೀರಿನ ರಸಸಾರ ಕಡಿಮೆಯಿದ್ದರೆ, ಅಂದರೆ ನೀರು ಹುಳಿಯತ್ತ ವಾಲಿದ್ದರೆ ಲೋಹ ಕರಗುತ್ತದೆ. ರಸಸಾರ ಮೇಲೇರಿದರೆ ಕರಗುವುದು ಕಡಿಮೆಯಾಗುತ್ತದೆ. ತಾಮ್ರದ ಪಾತ್ರೆಯಲ್ಲಿ ಮಜ್ಜಿಗೆ, ಹುಣಿಸೆ ಸಾರು ಇಟ್ಟರೆ ಕಿಲುಬು ಹಿಡಿಯುತ್ತದೆಂದು ಹಿರಿಯರು ಕಲಾಯಿ ಹಾಕಿಸುತ್ತಿದ್ದುದೂ ಇದಕ್ಕಾಗಿಯೇ. ಎರಡನೆಯದು, ಎರಡು ಬೇರೆ ಬೇರೆ ಲೋಹಗಳು ನೀರಿನಲ್ಲಿ ಸೇರಿದಾಗ ಒಂದು ಇನ್ನೊಂದನ್ನು ತಿನ್ನುತ್ತದೆ. ಚಾಕುವಿನ ಮೇಲೆ ತಾಮ್ರ ಕೂರುವಾಗ ಅಷ್ಟೇ ಕಬ್ಬಿಣ ಕರಗಿ ದ್ರಾವಣಕ್ಕೆ ಸೇರುತ್ತದೆ. ಸೀಸದ ಕೊಳವೆಗೆ ತಾಮ್ರದ ಕೊಳವೆ ಜೋಡಿಸಿದಾಗ ಸೀಸ ಬೇಗ ಸವೆಯುವುದಕ್ಕೂ ಇದೇ ಕಾರಣ.

ಆದುದರಿಂದ ನೀರಿನಲ್ಲಿ ಸೀಸ ಬಾರದಂತೆ ತಡೆಯಲು ಎರಡು ದಾರಿಗಳಿವೆ. ಸೀಸದ ಕೊಳವೆಯನ್ನೇ ಕಿತ್ತುಹಾಕುವುದು ಒಂದು. ನೀರಿನ ಗುಣವನ್ನು ತಿದ್ದಿ ಅದು ಕೊಳವೆಯನ್ನು ತಿನ್ನದಂತೆ ಮಾಡುವುದು ಇನ್ನೊಂದು. ಇದಕ್ಕಾಗಿ ನೀರಿಗೆ ಸುಣ್ಣ ಅಥವಾ ಸೋಡಾ ಸೇರಿಸಿ ರಸಸಾರ ಹೆಚ್ಚಿಸುತ್ತಾರೆ, ಇಲ್ಲವೇ ಆರ್ಥೋಫಾಸ್ಫೇಟ್ ಎಂಬ ರಂಜಕದ ಲವಣವನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸುತ್ತಾರೆ. ರಂಜಕ ಮತ್ತು ಸೀಸ ಕೂಡಿ ಕೊಳವೆಯ ಒಳಮೈಗೆ ಕರಗದ ತೆಳು ಪದರು ಕಟ್ಟುತ್ತವೆ. ಮಣ್ಣಿನ ಗೋಡೆಗೆ ಗಾರೆ ಬಳಿದಂತೆ ಆ ಪದರು ನೀರನ್ನೂ ಸೀಸವನ್ನೂ ಬೇರೆಯಾಗಿಡುತ್ತದೆ. ಆದರೆ ನೀರಿನ ಗುಣ ಬದಲಾದರೆ ಈ ಗಾರೆ ಉದುರುತ್ತದೆ. ಮುಂದೆ ಹೇಳುವ ಎರಡು ದುರಂತಗಳಿಗೂ ಇದೇ ಕಾರಣವಾಯಿತು.

1991ರ ನಿಯಮ

ಅಮೆರಿಕದಲ್ಲಿ ಸುರಕ್ಷಿತ ಕುಡಿಯುವ ನೀರಿನ ಕಾಯಿದೆ 1974ರಲ್ಲಿ ಬಂದಿತು. ಆಗ ಸೀಸಕ್ಕೆ ಲೀಟರಿಗೆ 50 ಮೈಕ್ರೋಗ್ರಾಂ ಎಂಬ ಮಿತಿ ಇತ್ತು. ಅದನ್ನು ನೀರು ಸರಬರಾಜು ಜಾಲಕ್ಕೆ ಪ್ರವೇಶಿಸುವ ಜಾಗದಲ್ಲಿ ಅಳೆಯುತ್ತಿದ್ದರು. ಸೀಸ ಸೇರುವುದು ಅದರ ಮುಂದೆ. ಹೀಗಾಗಿ ಆ ಅಳತೆ, ಗೂಡೆಗೆ ತುಂಬುವಾಗ ಕಾಳು ಪರೀಕ್ಷಿಸಿ, ಗುಡಾಣದಲ್ಲಿ ಹುಳು ಬಿದ್ದುದನ್ನು ನೋಡದೆ ಬಿಟ್ಟಂತಾಯಿತು. 1986ರ ತಿದ್ದುಪಡಿ ಹೊಸದಾಗಿ ಸೀಸದ ಕೊಳವೆ ಮತ್ತು ಸೀಸದ ಬೆಸುಗೆ ಹಾಕುವುದನ್ನು ನಿಷೇಧಿಸಿತು. ಹಳೆಯ ಕೊಳವೆಗಳು ಮಾತ್ರ ನೆಲದೊಳಗೆ ಹಾಗೆಯೇ ಉಳಿದವು.

1991ರ ಜೂನ್ 7ರಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಸೀಸ ಮತ್ತು ತಾಮ್ರದ ನಿಯಮವನ್ನು ಪ್ರಕಟಿಸಿತು. ಇದರ ಮುಖ್ಯ ಅಂಶಗಳು ಹೀಗಿವೆ:

1. ನೀರಿನ ಮಾದರಿಯನ್ನು ಮನೆಯ ನಲ್ಲಿಯಿಂದಲೇ ತೆಗೆಯಬೇಕು. ಕನಿಷ್ಠ 6 ಗಂಟೆ ಕಾಲ ನಲ್ಲಿ ಬಳಸದೆ ಬಿಟ್ಟು, ಆನಂತರ ಬರುವ ಮೊದಲ 1 ಲೀಟರ್ ನೀರನ್ನು ಹಿಡಿಯಬೇಕು. ಕೊಳವೆಯಲ್ಲಿ ನಿಂತ ನೀರಿನಲ್ಲಿ ಲೋಹ ಹೆಚ್ಚಾಗಿರುತ್ತದೆ.

2. ಸೀಸ ಇರಬಹುದಾದ ಮನೆಗಳನ್ನೇ ಆರಿಸಬೇಕು. ಮಣ್ಣು ಪರೀಕ್ಷೆಗೆ ಮಾದರಿ ತೆಗೆಯುವಾಗ ಬದುವಿನ ಪಕ್ಕ, ತಿಪ್ಪೆಯ ಪಕ್ಕ ತೆಗೆಯಬಾರದೆಂದು ಹೇಳುತ್ತಾರೆ, ಏಕೆಂದರೆ ಅಲ್ಲಿ ಇಡೀ ಹೊಲದ ಸರಾಸರಿ ಬೇಕು. ಇಲ್ಲಿ ಬೇಕಾದುದು ಸರಾಸರಿಯಲ್ಲ, ಅಪಾಯ ಎಲ್ಲಿದೆ ಎಂಬುದು. ಆದುದರಿಂದ ಕೆಟ್ಟ ಜಾಗವನ್ನೇ ಹುಡುಕಿ ಮಾದರಿ ತೆಗೆಯಬೇಕು.

3. 1 ಲಕ್ಷಕ್ಕಿಂತ ಹೆಚ್ಚು ಜನರಿಗೆ ನೀರು ಕೊಡುವ ವ್ಯವಸ್ಥೆ 100 ಮನೆಗಳಲ್ಲಿ, 501ರಿಂದ 3,300 ಜನರಿಗೆ ಕೊಡುವ ವ್ಯವಸ್ಥೆ 20 ಮನೆಗಳಲ್ಲಿ, 100 ಅಥವಾ ಅದಕ್ಕಿಂತ ಕಡಿಮೆ ಜನರ ವ್ಯವಸ್ಥೆ 5 ಜಾಗಗಳಲ್ಲಿ ಮಾದರಿ ತೆಗೆಯಬೇಕು.

4. ಸೀಸ ಲೀಟರಿಗೆ 15 ಮೈಕ್ರೋಗ್ರಾಂ, ತಾಮ್ರ ಲೀಟರಿಗೆ 1.3 ಮಿಲಿಗ್ರಾಂ ಮೀರಿದರೆ ಕ್ರಮ ಕೈಗೊಳ್ಳಬೇಕು.

15 ಮೈಕ್ರೋಗ್ರಾಂ ಎಂದರೆ ಎಷ್ಟು ಅಲ್ಪವೆಂಬುದನ್ನು ಹೀಗೆ ತಿಳಿಯಬಹುದು. 1 ಲಕ್ಷ ಲೀಟರ್ ಹಿಡಿಯುವ ನೀರಿನ ಟ್ಯಾಂಕಿನಲ್ಲಿ ಒಂದೂವರೆ ಗ್ರಾಂ ಸೀಸ ಕರಗಿದರೆ ಆ ಮಟ್ಟ ಮುಟ್ಟುತ್ತದೆ. ತಾಮ್ರದ ಮಟ್ಟ ಮುಟ್ಟಲು ಅದೇ ಟ್ಯಾಂಕಿಗೆ 130 ಗ್ರಾಂ ಬೇಕು.

ಲೆಕ್ಕ ಹಾಕುವ ಕ್ರಮ

ಇಲ್ಲಿ ಒಂದು ಅಂಶವನ್ನು ಸರಿಯಾಗಿ ಗಮನಿಸಬೇಕು. 15 ಮೈಕ್ರೋಗ್ರಾಂ ಎಂಬುದು ಸುರಕ್ಷಿತ ಮಿತಿಯಲ್ಲ. ಸೀಸಕ್ಕೆ ಆ ನಿಯಮವೇ ಇಟ್ಟುಕೊಂಡ ಗುರಿ ಸೊನ್ನೆ. ಕೀಟಗಳ ವಿಷಯದಲ್ಲಿ ಆರ್ಥಿಕ ನಷ್ಟದ ಮಟ್ಟ ಎಂದು ಹೇಳುವುದುಂಟು. ಹುಳುಗಳ ಸಂಖ್ಯೆ ಅಷ್ಟಕ್ಕೇರಿದಾಗ ಸಿಂಪರಣೆ ಪ್ರಾರಂಭಿಸಬೇಕು, ಅದಕ್ಕಿಂತ ಕಡಿಮೆಯಿದ್ದರೆ ಹುಳುವೇ ಇಲ್ಲವೆಂದು ಅರ್ಥವಲ್ಲ. ಈ 15 ಎಂಬುದೂ ಅಂತಹ ಕ್ರಮದ ಮಟ್ಟ.

ಲೆಕ್ಕ ಹೀಗೆ: 20 ಮನೆಗಳ ಫಲಿತಾಂಶಗಳನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಬರೆದು, 18ನೆಯದನ್ನು ನೋಡಬೇಕು. ಅದು 15ನ್ನು ಮೀರಿದ್ದರೆ ಇಡೀ ಊರಿನ ವ್ಯವಸ್ಥೆ ಮೀರಿದಂತೆ. ಆಗ ಸರಬರಾಜು ಮಾಡುವವರು ನೀರಿನ ಗುಣ ತಿದ್ದಬೇಕು, 60 ದಿನಗಳೊಳಗೆ ಜನರಿಗೆ ತಿಳಿವಳಿಕೆ ಕೊಡಬೇಕು, ಅಷ್ಟರಲ್ಲಿಯೂ ಸರಿಹೋಗದಿದ್ದರೆ ವರ್ಷಕ್ಕೆ ಶೇಕಡಾ 7ರಂತೆ ಸೀಸದ ಕೊಳವೆಗಳನ್ನು ಬದಲಾಯಿಸಬೇಕು. 50,000ಕ್ಕಿಂತ ಹೆಚ್ಚು ಜನರಿರುವ ಊರುಗಳಂತೂ ಫಲಿತಾಂಶಕ್ಕೆ ಕಾಯದೆ ಸವೆತ ತಡೆಯುವ ಉಪಚಾರ ಮಾಡಲೇಬೇಕು.

ಇದರಿಂದ ಒಳ್ಳೆಯದೇ ಆಯಿತು. ಅನೇಕ ಊರುಗಳು ನೀರಿಗೆ ಸುಣ್ಣವನ್ನೋ ರಂಜಕವನ್ನೋ ಸೇರಿಸತೊಡಗಿದವು, ನಲ್ಲಿಯಲ್ಲಿ ಸೀಸ ತಗ್ಗಿತು. ಆದರೆ 18ನೆಯ ಮನೆಯಲ್ಲಿ 14 ಬಂದು, 19 ಮತ್ತು 20ನೆಯ ಮನೆಗಳಲ್ಲಿ 200 ಬಂದರೂ ಊರು ಉತ್ತೀರ್ಣವಾಗುತ್ತದೆ. ಆ ಎರಡು ಮನೆಗಳ ಮಕ್ಕಳಿಗೆ ಆ ಉತ್ತೀರ್ಣತೆಯಿಂದ ಏನು ಪ್ರಯೋಜನ? ನಿಯಮದ ದೊಡ್ಡ ಬಿರುಕು ಇದೇ ಆಗಿತ್ತು.

ವಾಷಿಂಗ್ಟನ್ನಿನ ಅನುಭವ

ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿ ನೀರಿನ ಕ್ರಿಮಿಶುದ್ಧಿಗೆ ಕ್ಲೋರಿನ್ ಬಳಸುತ್ತಿದ್ದರು. ಅದರಿಂದ ಉಂಟಾಗುವ ಕೆಲವು ಹಾನಿಕಾರಕ ವಸ್ತುಗಳನ್ನು ಕಡಿಮೆ ಮಾಡಬೇಕೆಂಬ ಒಳ್ಳೆಯ ಉದ್ದೇಶದಿಂದ 2000ದ ನವೆಂಬರಿನಲ್ಲಿ ಕ್ಲೋರಮೀನ್ ಎಂಬ ಬೇರೆ ರಾಸಾಯನಿಕಕ್ಕೆ ಬದಲಾಯಿಸಿದರು. ಬಹಳ ವರ್ಷಗಳಿಂದ ಕ್ಲೋರಿನ್ ಇದ್ದುದರಿಂದಲೇ ಸೀಸದ ಕೊಳವೆಗಳೊಳಗೆ ಗಟ್ಟಿಯಾದ ಒಂದು ಪದರು ನಿಂತಿತ್ತು. ಕ್ಲೋರಿನ್ ಹೋದೊಡನೆ ಆ ಪದರು ಕರಗತೊಡಗಿತು. ಹೀಗಾಗಬಹುದೆಂದು ಯಾರೂ ಮೊದಲೇ ಪರೀಕ್ಷಿಸಿ ನೋಡಿರಲಿಲ್ಲ. 4,000ಕ್ಕೂ ಹೆಚ್ಚು ಮನೆಗಳ ನೀರು 15ರ ಮಟ್ಟವನ್ನು ಮೀರಿತು. 2004ರ ಜನವರಿಯಲ್ಲಿ ಪತ್ರಿಕೆಯೊಂದು ಪ್ರಕಟಿಸಿದ ಮೇಲೆಯೇ ಬಹುಪಾಲು ಜನರಿಗೆ ವಿಷಯ ತಿಳಿದುದು. ಆ ವರ್ಷದ ಆಗಸ್ಟಿನಲ್ಲಿ ರಂಜಕದ ಲವಣ ಸೇರಿಸಲು ಪ್ರಾರಂಭಿಸಿದ ನಂತರ ಸೀಸ ಕ್ರಮೇಣ ಇಳಿಯಿತು.

ಫ್ಲಿಂಟ್ ನಗರದ ದುರಂತ

ಮಿಷಿಗನ್ ರಾಜ್ಯದ ಫ್ಲಿಂಟ್ ಆಗ ಸುಮಾರು 1 ಲಕ್ಷ ಜನರಿದ್ದ ಊರು. ಕಾರು ಕಾರ್ಖಾನೆಗಳಿಂದ ಬೆಳೆದು, ಅವು ಹೋದ ಮೇಲೆ ಬಡವಾದ ಊರು. ಅಲ್ಲಿಗೆ ಡೆಟ್ರಾಯಿಟ್ ನಗರದಿಂದ, ಹ್ಯೂರಾನ್ ಸರೋವರದ ನೀರು ಬರುತ್ತಿತ್ತು. ಆ ನೀರಿಗೆ ರಂಜಕದ ಲವಣ ಸೇರಿಸಿರುತ್ತಿದ್ದರು. ಊರಿನ ಆಡಳಿತವನ್ನು ರಾಜ್ಯ ಸರ್ಕಾರ ನೇಮಿಸಿದ ಅಧಿಕಾರಿಗಳು ನಡೆಸುತ್ತಿದ್ದ ಕಾಲದಲ್ಲಿ, ಹಣ ಉಳಿತಾಯಕ್ಕಾಗಿ 2014ರ ಏಪ್ರಿಲ್ 25ರಂದು ಡೆಟ್ರಾಯಿಟ್ ನೀರನ್ನು ನಿಲ್ಲಿಸಿ ಫ್ಲಿಂಟ್ ಹೊಳೆಯ ನೀರನ್ನು ಬಿಟ್ಟರು. ಆ ನೀರಿನಲ್ಲಿ ಕ್ಲೋರೈಡ್ ಹೆಚ್ಚು, ಅದು ಲೋಹವನ್ನು ಬೇಗ ತಿನ್ನುತ್ತದೆ. ಅಂತಹ ನೀರಿಗೆ ಸವೆತ ತಡೆಯುವ ಉಪಚಾರವನ್ನು ಮಾಡಲೇ ಇಲ್ಲ. ಮೊದಲು ಆರಾರು ತಿಂಗಳ ಎರಡು ಅವಧಿಗೆ ಪರೀಕ್ಷೆ ಮಾಡಿ ಆಮೇಲೆ ನೋಡೋಣವೆಂದು ರಾಜ್ಯದ ಅಧಿಕಾರಿಗಳು ನಿಯಮವನ್ನು ತಪ್ಪಾಗಿ ಅರ್ಥಮಾಡಿದ್ದರು.

ನೀರು ಕೆಂಪಾಗಿ ಬರತೊಡಗಿತು. ಮಕ್ಕಳ ಮೈಮೇಲೆ ಗಂಧೆಗಳೆದ್ದವು. ಜನ ಬಾಟಲಿಗಳಲ್ಲಿ ನೀರು ಹಿಡಿದು ಸಭೆಗಳಿಗೆ ತಂದು ತೋರಿಸಿದರು. 2014ರ ಅಕ್ಟೋಬರಿನಲ್ಲಿ ಅಲ್ಲಿನ ಜನರಲ್ ಮೋಟಾರ್ಸ್ ಕಾರ್ಖಾನೆ, ಈ ನೀರು ಇಂಜಿನ್ ಭಾಗಗಳನ್ನು ತುಕ್ಕು ಹಿಡಿಸುತ್ತದೆಂದು ಬೇರೆ ನೀರಿನ ವ್ಯವಸ್ಥೆ ಮಾಡಿಕೊಂಡಿತು. ಕಬ್ಬಿಣಕ್ಕೆ ಆಗದ ನೀರನ್ನು ಮಕ್ಕಳು ಇನ್ನೂ ಒಂದು ವರ್ಷ ಕುಡಿದರು.

ಪರೀಕ್ಷೆ ನಡೆಯಲಿಲ್ಲವೆಂದಲ್ಲ, ನಡೆಯಿತು. 2015ರ ಮೊದಲ ಅರ್ಧದಲ್ಲಿ 71 ಮಾದರಿಗಳನ್ನು ತೆಗೆದರು. ಅವುಗಳಲ್ಲಿ ಎರಡನ್ನು ಲೆಕ್ಕದಿಂದ ಕೈಬಿಡಿಸಲಾಯಿತು. ಅವೆರಡೂ ಹೆಚ್ಚು ಸೀಸವಿದ್ದ ಮಾದರಿಗಳು. ಅವು ಸೇರಿದ್ದರೆ ಊರು 15ನ್ನು ಮೀರುತ್ತಿತ್ತು. ಬಿಟ್ಟ ಮೇಲೆ 11 ಎಂದು ಬಂದಿತು. ಕಾಗದದ ಮೇಲೆ ಎಲ್ಲವೂ ಸರಿಯಾಗಿತ್ತು.

ಸತ್ಯ ಹೊರಬಂದುದು ಮೂರು ಕಡೆಯಿಂದ. ಊರಿನ ತಾಯಂದಿರು ದೂರುವುದನ್ನು ಬಿಡಲಿಲ್ಲ. ವರ್ಜೀನಿಯಾ ಟೆಕ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಮಾರ್ಕ್ ಎಡ್ವರ್ಡ್ಸ್ ಮತ್ತು ಅವರ ವಿದ್ಯಾರ್ಥಿಗಳು ನಿವಾಸಿಗಳಿಗೆ ಬಾಟಲಿ ಕೊಟ್ಟು ನೂರಾರು ಮನೆಗಳ ನೀರು ತರಿಸಿ ಪರೀಕ್ಷಿಸಿದರು. ಒಂದು ಮನೆಯ ಮಾದರಿಯಲ್ಲಿ ಸೀಸ 13,000 ಮೈಕ್ರೋಗ್ರಾಂ ದಾಟಿತ್ತು. ಮಕ್ಕಳ ವೈದ್ಯೆ ಮೋನಾ ಹನ್ನಾ-ಅತೀಶಾ ಆಸ್ಪತ್ರೆಯ ದಾಖಲೆಗಳನ್ನು ಪರಿಶೀಲಿಸಿ, ರಕ್ತದಲ್ಲಿ ಸೀಸ ಹೆಚ್ಚಾಗಿರುವ ಮಕ್ಕಳ ಪ್ರಮಾಣ ಶೇಕಡಾ 2.4ರಿಂದ 4.9ಕ್ಕೆ ಏರಿದುದನ್ನು 2015ರಲ್ಲಿ ಬಹಿರಂಗಪಡಿಸಿದರು. ಅಧಿಕಾರಿಗಳು ಮೊದಲು ಅಲ್ಲಗಳೆದರು, ಕೊನೆಗೆ ಒಪ್ಪಿದರು. ಅಕ್ಟೋಬರ್ 16ರಂದು ಡೆಟ್ರಾಯಿಟ್ ನೀರನ್ನು ಮತ್ತೆ ಬಿಟ್ಟರು. 2016ರ ಜನವರಿಯಲ್ಲಿ ತುರ್ತು ಪರಿಸ್ಥಿತಿ ಸಾರಲಾಯಿತು. 2021ರಲ್ಲಿ ನ್ಯಾಯಾಲಯ 62 ಕೋಟಿ 60 ಲಕ್ಷ ಡಾಲರ್ ಪರಿಹಾರದ ಒಪ್ಪಂದಕ್ಕೆ ಅನುಮೋದನೆ ನೀಡಿತು. ಉಳಿಸಹೊರಟ ಹಣ ಅದರ ಮುಂದೆ ಏನೇನೂ ಅಲ್ಲ. ಮಕ್ಕಳಿಗಾದ ನಷ್ಟಕ್ಕಂತೂ ಲೆಕ್ಕವೇ ಇಲ್ಲ.

ನಿಯಮದ ತಿದ್ದುಪಡಿ

ಫ್ಲಿಂಟಿನ ನಂತರ ಇನ್ನೂ ಕೆಲವು ಹುಳುಕುಗಳು ಬೆಳಕಿಗೆ ಬಂದವು. ಮಾದರಿ ತೆಗೆಯುವ ಹಿಂದಿನ ರಾತ್ರಿ ನಲ್ಲಿಯನ್ನು ಬಹಳ ಹೊತ್ತು ಬಿಟ್ಟು ಕೊಳವೆ ತೊಳೆಯುವಂತೆ, ನಲ್ಲಿಯ ಬಾಯಿಯ ಜಾಲರಿ ತೆಗೆಯುವಂತೆ, ನೀರನ್ನು ನಿಧಾನವಾಗಿ ಹಿಡಿಯುವಂತೆ ಹಲವು ಊರುಗಳಲ್ಲಿ ಸೂಚನೆ ಕೊಡುತ್ತಿದ್ದರು. ಇವೆಲ್ಲವೂ ಸೀಸವನ್ನು ಕಡಿಮೆ ತೋರಿಸುತ್ತವೆ. 2016ರ ಫೆಬ್ರವರಿಯಲ್ಲಿ ಇಂತಹ ಸೂಚನೆಗಳನ್ನು ಕೈಬಿಡಬೇಕೆಂದು ಪರಿಸರ ಸಂರಕ್ಷಣಾ ಸಂಸ್ಥೆ ತಿಳಿಸಿತು. ಕೊಳವೆಯ ಅರ್ಧಭಾಗವನ್ನು ಮಾತ್ರ ಬದಲಾಯಿಸಿ ತಾಮ್ರ ಜೋಡಿಸಿದ ಕಡೆ ಸೀಸ ಕಡಿಮೆಯಾಗುವ ಬದಲು ಕೆಲವು ಕಾಲ ಹೆಚ್ಚಾದುದೂ ಕಂಡುಬಂದಿತು.

ಪೂರ್ಣ ಪರಿಹಾರ ಸಾಧ್ಯವೆಂಬುದನ್ನು ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರ ಮೊದಲೇ ತೋರಿಸಿತ್ತು. ಆ ಊರಿನ ಸುತ್ತ ಸರೋವರಗಳಿವೆ. ನೀರಿಗೆ ರಂಜಕ ಸೇರಿಸಿದರೆ ಅದು ಕೊನೆಗೆ ಸರೋವರ ಸೇರಿ ಪಾಚಿ ಬೆಳೆಯುತ್ತದೆ. ಗದ್ದೆಯ ಗೊಬ್ಬರ ಕೆರೆಗೆ ಹರಿದಾಗ ಆಗುವುದೂ ಇದೇ. ಆದುದರಿಂದ ರಂಜಕದ ದಾರಿ ಬಿಟ್ಟು, 2001ರಿಂದ ಪ್ರಾರಂಭಿಸಿ ಸುಮಾರು ಹತ್ತು ವರ್ಷಗಳಲ್ಲಿ 8,000ದಷ್ಟು ಸೀಸದ ಕೊಳವೆಗಳನ್ನು ಪೂರ್ತಿಯಾಗಿ ಕಿತ್ತುಹಾಕಿದರು. ಮನೆಯವರ ಪಾಲಿನ ವೆಚ್ಚದ ಒಂದು ಭಾಗವನ್ನು ನಗರವೇ ಭರಿಸಿತು.

ಇದೇ ದಾರಿಯನ್ನು ಇಡೀ ದೇಶಕ್ಕೆ ವಿಸ್ತರಿಸುವ ತಿದ್ದುಪಡಿಯನ್ನು ಅಮೆರಿಕ 2024ರ ಅಕ್ಟೋಬರಿನಲ್ಲಿ ಹೊರಡಿಸಿತು. ಆಗ ಅಲ್ಲಿ 90 ಲಕ್ಷದವರೆಗೂ ಸೀಸದ ಸಂಪರ್ಕ ಕೊಳವೆಗಳು ಉಳಿದಿರಬಹುದೆಂದು ಅಂದಾಜು ಮಾಡಲಾಗಿತ್ತು. ಅವುಗಳಲ್ಲಿ ಬಹುಪಾಲನ್ನು 10 ವರ್ಷಗಳಲ್ಲಿ ಬದಲಾಯಿಸಬೇಕು, ಕ್ರಮದ ಮಟ್ಟ 15ರಿಂದ 10ಕ್ಕೆ ಇಳಿಯಬೇಕು, ಸೀಸದ ಕೊಳವೆಯಿರುವ ಮನೆಯಲ್ಲಿ ಮೊದಲನೆಯ ಮತ್ತು ಐದನೆಯ ಲೀಟರ್ ಎರಡನ್ನೂ ಅಳೆದು ಹೆಚ್ಚು ಬಂದುದನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬುದು ಅದರ ಸಾರ. ಐದನೆಯ ಲೀಟರ್ ಏಕೆಂದರೆ, ಮೊದಲನೆಯದು ನಲ್ಲಿಯ ಹತ್ತಿರದ ನೀರು, ಐದನೆಯದು ಹೊರಗಿನ ಸೀಸದ ಕೊಳವೆಯಲ್ಲಿ ನಿಂತ ನೀರು.

ನಮ್ಮ ಹಳ್ಳಿಗಳಿಗೆ ಇದರಿಂದೇನು?

ದೂರದ ದೇಶದ ಈ ಕಥೆ ನಮಗೇಕೆ ಎಂದು ಕೇಳಬಹುದು. 2019ರ ಆಗಸ್ಟ್ 15ರಂದು ಜಲ ಜೀವನ್ ಮಿಷನ್ ಘೋಷಣೆಯಾದಾಗ ಭಾರತದ ಹಳ್ಳಿಗಳಲ್ಲಿ ನಲ್ಲಿ ಸಂಪರ್ಕವಿದ್ದುದು ಸುಮಾರು 3 ಕೋಟಿ 23 ಲಕ್ಷ ಮನೆಗಳಿಗೆ. ಇಂದು ಆ ಸಂಖ್ಯೆ 15 ಕೋಟಿಯನ್ನು ದಾಟಿದೆ. ಬಾವಿಯಿಂದ ಸೇದಿದ ನೀರು ಹಗ್ಗ, ಕೊಡಗಳನ್ನು ಮಾತ್ರ ಮುಟ್ಟುತ್ತಿತ್ತು. ನಲ್ಲಿಯ ನೀರು ನೂರಾರು ಮೀಟರ್ ಕೊಳವೆ, ಹತ್ತಾರು ಜೋಡಣೆ, ವಾಲ್ವು, ಹಿತ್ತಾಳೆ ನಲ್ಲಿಗಳನ್ನು ಮುಟ್ಟಿ ಬರುತ್ತದೆ.

ನಮ್ಮ ಹಳ್ಳಿಗಳಲ್ಲಿ ಹೆಚ್ಚಾಗಿ ಇರುವುದು ಪಿ.ವಿ.ಸಿ. ಮತ್ತು ಜಿ.ಐ. ಕೊಳವೆಗಳು. ಇವು ಸೀಸದ ಕೊಳವೆಗಳಲ್ಲ, ಗಾಬರಿಪಡಬೇಕಾಗಿಲ್ಲ. ಆದರೆ ಪಿ.ವಿ.ಸಿ. ಬಿಸಿಲು, ಶಾಖಕ್ಕೆ ಕೆಡದಿರಲೆಂದು ಅದರಲ್ಲಿ ಸೀಸದ ಲವಣ ಬೆರೆಸುವ ರೂಢಿಯಿತ್ತು. ಇದನ್ನು ತೆಗೆದುಹಾಕಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮ ಹೊರಡಿಸಿದೆ. ಅದಕ್ಕೂ ಮೊದಲು ಹಾಕಿದ ಕೊಳವೆಗಳು ನೆಲದಲ್ಲಿವೆ. ಜಿ.ಐ. ಕೊಳವೆಯ ಸತುವಿನ ಲೇಪದಲ್ಲಿಯೂ ಸೀಸದ ಕಲ್ಮಶವಿರಬಹುದು.

ಕುಡಿಯುವ ನೀರಿನ ಭಾರತೀಯ ಮಾನಕ ಐ.ಎಸ್. 10500ರ 2012ರ ಆವೃತ್ತಿಯ ಪ್ರಕಾರ ಸೀಸ ಲೀಟರಿಗೆ 0.01 ಮಿಲಿಗ್ರಾಂ, ಅಂದರೆ 10 ಮೈಕ್ರೋಗ್ರಾಂ ಮೀರಬಾರದು, ಇದಕ್ಕೆ ಸಡಿಲಿಕೆಯಿಲ್ಲ. ತಾಮ್ರ 0.05 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿನ ಮೂಲವಿಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ರಸಸಾರ 6.5ರಿಂದ 8.5ರೊಳಗಿರಬೇಕು. ಮಲೆನಾಡು, ಕರಾವಳಿಯ ಜಂಬಿಟ್ಟಿಗೆ ನೆಲದ ಬಾವಿಗಳ ನೀರು ಸಾಮಾನ್ಯವಾಗಿ ಮೃದು, ಹಲವು ಕಡೆ ಹುಳಿಯತ್ತ ವಾಲಿರುತ್ತದೆ. ಇಂತಹ ನೀರು ಲೋಹವನ್ನು ಹೆಚ್ಚು ತಿನ್ನುತ್ತದೆ. ಬಯಲುಸೀಮೆಯ ಗಡಸು ನೀರು ಕೊಳವೆಯೊಳಗೆ ಸುಣ್ಣದ ಪದರು ಕಟ್ಟುವುದರಿಂದ ತಿನ್ನುವುದು ಕಡಿಮೆ, ಆದರೆ ಅಲ್ಲಿ ಫ್ಲೋರೈಡಿನಂತಹ ಬೇರೆ ತೊಂದರೆಗಳಿವೆ.

ಮಾನಕ ಇದ್ದ ಮಾತ್ರಕ್ಕೆ ರಕ್ಷಣೆಯಾಗದು ಎಂಬುದೇ ಫ್ಲಿಂಟ್ ಕಲಿಸುವ ಪಾಠ. ಮಾದರಿಯನ್ನು ಎಲ್ಲಿಂದ, ಯಾವಾಗ, ಯಾರು ತೆಗೆದರು ಎಂಬುದರ ಮೇಲೆ ಅಂಕಿಯ ಬೆಲೆ ನಿಂತಿದೆ.

ಗಮನದಲ್ಲಿಡಬೇಕಾದ ಅಂಶಗಳು

1. ಬೆಳಿಗ್ಗೆ ನಲ್ಲಿಯಲ್ಲಿ ಬರುವ ಮೊದಲ ನೀರನ್ನು ಕುಡಿಯಲು, ಅಡಿಗೆಗೆ ಹಿಡಿಯಬಾರದು. ಅದನ್ನು ಪಾತ್ರೆ ತೊಳೆಯಲು ಅಥವಾ ಗಿಡಗಳಿಗೆ ಬಳಸಿ, ಆನಂತರದ ನೀರನ್ನು ಕುಡಿಯಲು ತುಂಬಿಕೊಳ್ಳಬೇಕು. ನೀರೂ ವ್ಯರ್ಥವಾಗುವುದಿಲ್ಲ.

2. ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆ, ಸೀಸ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಸೀಸದ ಪ್ರಮಾಣ ಹೆಚ್ಚುತ್ತದೆ.

3. ಬಿಸಿನೀರಿನ ನಲ್ಲಿಯ ನೀರನ್ನು ಅಡಿಗೆಗೆ, ಮಗುವಿನ ಹಾಲಿನ ಪುಡಿ ಕಲಸಲು ಉಪಯೋಗಿಸಬಾರದು. ಬಿಸಿನೀರು ಲೋಹವನ್ನು ಹೆಚ್ಚು ಕರಗಿಸುತ್ತದೆ.

4. ನಲ್ಲಿಯ ಕೆಳಗೆ ನೀಲಿ ಹಸಿರು ಕಲೆ ಕಂಡರೆ ಅದು ತಾಮ್ರದ ಗುರುತು. ನೀರಿನ ರಸಸಾರ ಪರೀಕ್ಷಿಸಬೇಕು. ಸೀಸಕ್ಕೆ ಇಂತಹ ಯಾವ ಗುರುತೂ ಇಲ್ಲ.

5. ಹೊಸ ಕೊಳವೆ ಕೊಳ್ಳುವಾಗ ಐ.ಎಸ್.ಐ. ಗುರುತಿರುವ, ಕುಡಿಯುವ ನೀರಿಗೆಂದೇ ತಯಾರಾದ, ಸೀಸರಹಿತ ಕೊಳವೆಯನ್ನೇ ಕೇಳಿ ಪಡೆಯಬೇಕು. ಹೊಲಕ್ಕೆ ತಂದು ಉಳಿದ ಕೊಳವೆಯನ್ನು ಕುಡಿಯುವ ನೀರಿಗೆ ಜೋಡಿಸಬಾರದು.

6. ಬೋರ್ಡೋ ದ್ರಾವಣ ಕಲಸಿದ ಡ್ರಮ್ಮು, ಸಿಂಪರಣಾ ಯಂತ್ರಗಳನ್ನು ಬಾವಿಕಟ್ಟೆಯಲ್ಲಿ ಅಥವಾ ಸಾರ್ವಜನಿಕ ನಲ್ಲಿಯ ಬಳಿ ತೊಳೆಯಬಾರದು.

7. ಹಳ್ಳಿಗಳಲ್ಲಿ ಕ್ಷೇತ್ರ ಪರೀಕ್ಷಾ ಪೆಟ್ಟಿಗೆಯಿಂದ ನೀರು ಪರೀಕ್ಷಿಸಲು ಮಹಿಳೆಯರಿಗೆ ತರಬೇತಿ ನೀಡಲಾಗಿದೆ. ರಸಸಾರ, ಗಡಸುತನ, ಫ್ಲೋರೈಡ್, ನೈಟ್ರೇಟ್‌ಗಳನ್ನು ಇದರಿಂದ ತಿಳಿಯಬಹುದು. ಇಷ್ಟು ಅಲ್ಪ ಪ್ರಮಾಣದ ಸೀಸವನ್ನು ಅಳೆಯಲು ಮಾತ್ರ ಪ್ರಯೋಗಾಲಯದ ಉಪಕರಣ ಬೇಕು. ರಸಸಾರ 6.5ಕ್ಕಿಂತ ಕಡಿಮೆ ಬಂದ ಊರುಗಳ ನೀರನ್ನು ಪ್ರಯೋಗಾಲಯಕ್ಕೆ ಕಳಿಸಿ ಸೀಸ, ತಾಮ್ರ ಎರಡನ್ನೂ ನೋಡಿಸುವುದು ಸೂಕ್ತ.

8. ಮಾದರಿಯನ್ನು ಟ್ಯಾಂಕಿನಿಂದ ಮಾತ್ರವಲ್ಲದೆ ಕೊನೆಯ ಬೀದಿಯ ಕೊನೆಯ ಮನೆ, ಅಂಗನವಾಡಿ ಮತ್ತು ಶಾಲೆಯ ನಲ್ಲಿಗಳಿಂದಲೂ, ರಾತ್ರಿಯೆಲ್ಲ ನಿಂತ ನೀರಿನ ಮೊದಲ ಲೀಟರನ್ನು ಹಿಡಿದು ತೆಗೆಯಬೇಕು.

9. ಊರಿಗೆ ಹೊಸ ಕೊಳವೆಬಾವಿ ಅಥವಾ ಹೊಳೆಯ ನೀರನ್ನು ಜೋಡಿಸುವ ಮೊದಲು ರಸಸಾರ, ಕ್ಲೋರೈಡ್‌ಗಳನ್ನು ಹಳೆಯ ನೀರಿನೊಂದಿಗೆ ಹೋಲಿಸಬೇಕು. ಜೋಡಿಸಿದ ಕೆಲವು ವಾರಗಳ ನಂತರ ನಲ್ಲಿಯ ನೀರನ್ನು ಮತ್ತೊಮ್ಮೆ ಪರೀಕ್ಷಿಸಬೇಕು. ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯವರೂ ನೀರುಗಂಟಿಗಳೂ ಇದನ್ನು ಕರ್ತವ್ಯವೆಂದು ತಿಳಿಯಬೇಕು.

10. ಪರೀಕ್ಷೆಯ ಫಲಿತಾಂಶವನ್ನು, ಹೆಚ್ಚು ಬಂದಿರಲಿ ಕಡಿಮೆ ಬಂದಿರಲಿ, ಪೂರ್ತಿಯಾಗಿ ಪಂಚಾಯತಿಯ ಫಲಕದಲ್ಲಿ ಬರೆಯಬೇಕು. ಒಂದು ಮನೆಯ ಫಲಿತಾಂಶ ಹೆಚ್ಚು ಬಂದರೆ ಅದನ್ನು ಕೈಬಿಡದೆ ಆ ಮನೆಗೆ ಹೋಗಿ ನಲ್ಲಿ, ಕೊಳವೆ, ಜೋಡಣೆಗಳನ್ನು ನೋಡಬೇಕು.

ವಿಸ್ತರಣಾ ಕಾರ್ಯಕರ್ತರು ಮಣ್ಣು ಪರೀಕ್ಷೆಯ ಮಹತ್ವವನ್ನು ಹಳ್ಳಿ ಹಳ್ಳಿಗೂ ತಿಳಿಸಿದ್ದಾರೆ. ಹೊಲದ ಮಣ್ಣನ್ನು ಪರೀಕ್ಷೆಗೆ ಕಳಿಸುವ ರೈತ ತನ್ನ ಮಗು ಕುಡಿಯುವ ನೀರನ್ನೂ ಕಳಿಸುವಂತಾಗಬೇಕು. ಮಣ್ಣಿಗೆ ಈ ವರ್ಷ ಕಡಿಮೆಯಾದ ಸತ್ವವನ್ನು ಮುಂದಿನ ವರ್ಷ ತುಂಬಬಹುದು. ಮಗುವಿಗೆ ಬಾಲ್ಯದಲ್ಲಿ ಆದ ನಷ್ಟವನ್ನು ತುಂಬಲು ಮುಂದಿನ ವರ್ಷವೆಂಬುದಿಲ್ಲ.